ಕೂಲಿ ಮತ್ತು ಕೂಳು



ಅರ್ಥಶಾಸ್ತ್ರವೆಂದೊಡನೆ ಹಲವರಿಗೆ ಆಕಳಿಕೆ ಬರುವುದುಂಟು. ಆದುದರಿಂದ ನಾವು ಗ್ರಂಥವನ್ನು ಬದಿಗಿಟ್ಟು ಊಟದ ತಾಟಿನಿಂದಲೇ ಆರಂಭಿಸುತ್ತೇವೆ. ಸಾಸ್ತೂರ, ಉಮರ್ಗಾ, ನಿಲಂಗಾ, ಉದಗೀರಗಳ ಈ ಕರಿನೆಲದಲ್ಲಿ ತಲೆಮಾರುಗಳಿಂದ ಬಡವನ ಆಹಾರವೆಂದರೆ ಜೋಳದ ರೊಟ್ಟಿ. ಗೋಧಿಯೂ ಅಕ್ಕಿಯೂ ಹಬ್ಬಕ್ಕೆ, ಬೀಗರಿಗೆ ಮೀಸಲಾಗಿದ್ದವು. ಇಂದು ಇದು ತಿರುವುಮುರುವಾಗಿದೆ. ಕೂಲಿಕಾರನ ಮನೆಯಲ್ಲಿ ಚಪಾತಿ ಬೇಯುತ್ತದೆ. ಬಿಳಿಜೋಳದ ರೊಟ್ಟಿಯನ್ನು ಖಾನಾವಳಿಗಳು ಪಟ್ಟಣದ ಗಿರಾಕಿಗೆ ಬೆಲೆ ಕಟ್ಟಿ ಬಡಿಸುತ್ತವೆ. ಇದನ್ನು ಕಂಡು ‘ಬಡವನೂ ಸುಖಕ್ಕೆ ಬಂದ’ ಎನ್ನುವವರಿದ್ದಾರೆ. ನಮಗೆ ಹಾಗೆ ತೋರುವುದಿಲ್ಲ.

ಹಿಂದೆ ಸುಗ್ಗಿಯ ಕೂಲಿ ಕಾಳಿನ ರೂಪದಲ್ಲಿ ದೊರೆಯುತ್ತಿತ್ತು; ಕೊಯ್ದ ಜೋಳದಲ್ಲಿಯೇ ಒಂದು ಪಾಲು ಕೊಯ್ದವರ ಮನೆಗೆ ಹೋಗುತ್ತಿತ್ತು. ಆ ಕಾಲವನ್ನು ಹೊಗಳುವ ಇಚ್ಛೆ ನಮಗಿಲ್ಲ. ಅಳೆಯುವ ಸೇರು ಒಡೆಯನ ಕೈಯಲ್ಲಿತ್ತು, ವರ್ಷದಾಳು ಸಾಲದಲ್ಲಿ ಸಿಕ್ಕಿಕೊಂಡಿದ್ದನು, ಹೆಣ್ಣಾಳಿನ ಪಾಲು ಯಾವಾಗಲೂ ಕಡಿಮೆ. ಆದರೂ ಪೇಟೆಯ ಧಾರಣೆ ಏರಿತೆಂದು ಮಡಕೆಯೊಳಗಿನ ಕಾಳು ಕರಗುತ್ತಿರಲಿಲ್ಲ. 1990ರ ದಶಕದಿಂದೀಚೆಗೆ ಜೋಳದ ಹೊಲಗಳಲ್ಲಿ ಸೋಯಾಬೀನು ಹಬ್ಬಿತು. ಅದರ ಎಣ್ಣೆ ಪಟ್ಟಣಕ್ಕೆ, ಹಿಂಡಿ ಕೋಳಿಗಳಿಗೆ. ಕೂಲಿಯವನು ಅದನ್ನು ಮನೆಗೊಯ್ದು ಮಾಡುವುದೇನು? ಕೂಲಿ ರೊಕ್ಕವಾಯಿತು, ಜೋಳ ಕೊಂಡು ತಿನ್ನುವ ವಸ್ತುವಾಯಿತು. ಇತ್ತ 2013ರ ಆಹಾರ ಭದ್ರತಾ ಕಾಯಿದೆಯಂತೆ ತಲೆಗೆ ತಿಂಗಳಿಗೆ 5 ಕಿಲೋ ಧಾನ್ಯ ಬಂದಿತು. 2023ರ ಜನವರಿಯಿಂದ ಅದು ಪುಕ್ಕಟೆಯಾಯಿತು. ಪುಕ್ಕಟೆಯ ಗೋಧಿ ಮನೆಯಲ್ಲಿರುವಾಗ ರೊಕ್ಕ ಕೊಟ್ಟು ಜೋಳ ತರುವವರಾರು? ನಾಲಗೆಯ ಅಭಿಪ್ರಾಯವನ್ನು ಇಲ್ಲಿ ಯಾರೂ ಕೇಳಲಿಲ್ಲ.

ಆ ಧಾನ್ಯ ಹಸಿವನ್ನು ತಡೆದಿದೆ. ಅದನ್ನು ಹಗುರಾಗಿ ಕಾಣಬಾರದು. ಆದರೆ ಬೇಳೆಯ ಮಾತೇನು? ನಮ್ಮ ದೇಶದಲ್ಲಿ ತಲೆಗೆ ದಿನಕ್ಕೆ ದೊರೆಯುವ ಬೇಳೆಕಾಳು 1961ರಲ್ಲಿ 69 ಗ್ರಾಮ್ ಇದ್ದದ್ದು 2001ರಲ್ಲಿ 30 ಗ್ರಾಮಿಗೆ ಇಳಿದಿತ್ತು. ಆಮೇಲೆ ತುಸು ಚೇತರಿಸಿಕೊಂಡಿತು. ತೊಗರಿ ನಮ್ಮ ನೆಲದ ಬೆಳೆ. ಬೇಳೆಯ ಗಿರಣಿಗಳು ಲಾತೂರಿನಲ್ಲಿಯೂ ಉದಗೀರಿನಲ್ಲಿಯೂ ಇವೆ. ಹೀಗಿದ್ದೂ 2015ರಲ್ಲಿ ತೊಗರಿಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿದಾಗ ಕೂಲಿಯವರ ಮನೆಯ ಸಾರು ನೀರಾಯಿತು. ಅದೇ ವರ್ಷ ಮರಾಠವಾಡದಲ್ಲಿ ಬರ. ಹೊಲದಲ್ಲಿ ಕೆಲಸವೂ ಇಲ್ಲ. ಬೆಲೆ ಏರುವುದೂ ಕೂಲಿ ನಿಲ್ಲುವುದೂ ಹೀಗೆ ಜೊತೆಯಾಗಿ ಬಂದರೆ ಮೊದಲು ಬರಿದಾಗುವ ತಾಟು ಯಾರದು? ಎಲ್ಲರಿಗೂ ಬಡಿಸಿ ಕಡೆಗೆ ಉಣ್ಣುವ ತಾಯಿಯದು.

ಎರ್ನ್ಸ್ಟ್ ಎಂಗೆಲ್ ಎಂಬ ಜರ್ಮನ್ ವಿದ್ವಾಂಸರು ಬೆಲ್ಜಿಯಮ್ಮಿನ ಕೂಲಿಕಾರರ ಮನೆವೆಚ್ಚಗಳನ್ನು ಪರಿಶೀಲಿಸಿ 1857ರಲ್ಲಿ ಒಂದು ನಿಯಮವನ್ನು ಕಂಡರು: ಮನೆ ಬಡವಾದಷ್ಟೂ ಅದರ ವೆಚ್ಚದಲ್ಲಿ ಆಹಾರದ ಪಾಲು ಹೆಚ್ಚು. ಸಿರಿವಂತನಿಗೆ ಬೇಳೆಯ ಬೆಲೆ ಏರಿದರೆ ಅದು ವೃತ್ತಪತ್ರಿಕೆಯ ಸುದ್ದಿ. ಬಡವನಿಗೆ ಅದು ಅಂದಿನ ರಾತ್ರಿಯ ಊಟ.

ಕೂಲಿಯ ಪ್ರಶ್ನೆಯನ್ನು ಸರಕಾರ ಎದುರಿಸಿದ್ದೂ ಉಂಟು. 1972ರ ಬರಗಾಲದಲ್ಲಿ ಅಮೆರಿಕದ ಕೆಂಪು ಮಿಲೋ ಜೋಳ ತಿಂದು ನಮ್ಮ ಹಿರಿಯರು ಕಲ್ಲು ಒಡೆದರು. 1973ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಬರಗೆಲಸಗಳಲ್ಲಿದ್ದವರು ಸುಮಾರು 50 ಲಕ್ಷ. ವಿ. ಸ. ಪಾಗೆಯವರ ಪ್ರಯತ್ನದಿಂದ ಬೆಳೆದ ಉದ್ಯೋಗ ಖಾತರಿ ಯೋಜನೆ 1977ರಲ್ಲಿ ಕಾಯಿದೆಯಾಯಿತು. ಮುಂಬಯಿಯೇ ಮೊದಲಾದ ನಗರಗಳ ಸಂಬಳದಾರರು ತೆತ್ತ ವೃತ್ತಿಕರಕ್ಕೆ ಸರಕಾರ ಅಷ್ಟೇ ಹಣವನ್ನು ಕೂಡಿಸಿ ಈ ಕೂಲಿ ಕೊಡುತ್ತಿತ್ತು. ಅಗೆದ ಮಣ್ಣಿನ ಅಳತೆಗೆ ತಕ್ಕ ಕೂಲಿಯಾದುದರಿಂದ ಹೆಣ್ಣು ಗಂಡೆಂಬ ದರಭೇದ ಅಲ್ಲಿರಲಿಲ್ಲ. ಅಸಮಾನತೆಗೆ ಇಷ್ಟು ನೇರವಾದ ಮದ್ದನ್ನು ನಾವು ಬೇರೆಡೆ ಹೆಚ್ಚು ಕಂಡಿಲ್ಲ. ಇದಕ್ಕೆ ವಿರುದ್ಧವಾದುದನ್ನೂ ಹೇಳಬೇಕು. 1993ರ ಸೆಪ್ಟೆಂಬರ್ 30ರ ಭೂಕಂಪ ಸಿರಿವಂತರನ್ನೂ ಬಡವರನ್ನೂ ಒಂದೇ ಮಣ್ಣಿನಲ್ಲಿ ಹೂತಿತು. ಆದರೆ ಹೊಸ ಊರುಗಳನ್ನು ಕಟ್ಟುವಾಗ ನೆಲವಿಲ್ಲದವರಿಗೆ 250 ಚದರ ಅಡಿಯ ಮನೆ, 7 ಹೆಕ್ಟೇರಿಗಿಂತ ಹೆಚ್ಚು ನೆಲವುಳ್ಳವರಿಗೆ 750 ಚದರ ಅಡಿಯ ಮನೆ ಎಂದು ಗೊತ್ತುಮಾಡಲಾಯಿತು. ಸುಗ್ಗಿಯಲ್ಲಿ ಅಗ್ಗಕ್ಕೆ ಕಾಳು ಕೊಂಡು ವರ್ಷಕ್ಕೆ ಕೂಡಿಡಲು ಆ ಚಿಕ್ಕ ಮನೆಯಲ್ಲಿ ಸ್ಥಳವೆಲ್ಲಿ?

ಕಡೆಯದಾಗಿ ಶಾಲೆಯ ಖಿಚಡಿ. 2001ರಲ್ಲಿ ಸರ್ವೋಚ್ಚ ನ್ಯಾಯಾಲಯ ಆಜ್ಞಾಪಿಸಿದ ಮೇಲೆ ಮಕ್ಕಳಿಗೆ ಬೇಯಿಸಿದ ಊಟವೇ ದೊರೆಯತೊಡಗಿತು. ಪ್ರಾಥಮಿಕ ಶಾಲೆಯ ಮಗುವಿಗೆ ದಿನಕ್ಕೆ 20 ಗ್ರಾಮ್, ಮೇಲಿನ ತರಗತಿಯವರಿಗೆ 30 ಗ್ರಾಮ್ ಬೇಳೆ ಹಾಕತಕ್ಕದ್ದೆಂದು ನಿಯಮವಿದೆ. ಕೆಲವು ಮಕ್ಕಳಿಗೆ ಅಂದಿನ ಬೇಳೆಯೆಲ್ಲ ಅಷ್ಟೇ. ಮುಂದಿನ ಪಾಲಕರ ಸಭೆಗೆ ಯಾರಾದರೂ ಒಂದು ತಕ್ಕಡಿಯನ್ನು ತರಬೇಕೆಂದು ನಾವು ಕೇಳಿಕೊಳ್ಳುತ್ತೇವೆ.