ಗುಲಾಬಿಗೆ ದಳಗಳೆಷ್ಟು?



ನಾನು ಓದಿದ್ದು ಕನ್ನಡ ಸಾಹಿತ್ಯ. ಆದರೂ ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ ಒಂದು ಹೂವಿನ ವಿಷಯವನ್ನು ಹೇಳಬಯಸುತ್ತೇನೆ. ಅದು ನನ್ನ ಮೇಲಿರುವ ಹಳೆಯ ಋಣ.

ಕೆಲವು ವರ್ಷಗಳ ಹಿಂದೆ, ವಿಜ್ಞಾನ ಶಿಕ್ಷಕರು ರಜೆಯಲ್ಲಿದ್ದ ದಿನ, ಏಳನೆಯ ತರಗತಿಗೆ ನಾನೇ ಹೋಗಿದ್ದೆ. ಸೇಬು, ಬಾದಾಮಿ, ಮಹಾಬಳೇಶ್ವರದ ಸ್ಟ್ರಾಬೆರಿ ಇವೆಲ್ಲ ಗುಲಾಬಿಯ ಕುಟುಂಬದವು. ಇವುಗಳ ಹೂವಿಗೆ ಸಾಮಾನ್ಯವಾಗಿ ಐದು ದಳಗಳು ಎಂದೆ. ನಂದೇಶ್ವರದ ಒಬ್ಬ ಬಾಲಕಿ ಮರುದಿನ ಮನೆಯಂಗಳದ ಗುಲಾಬಿಯನ್ನು ತಂದು, ಬಿಡಿಸಿ ಎಣಿಸಿ, "ಅಕ್ಕೋರ, ಇದರಾಗ ನಲವತ್ತರ ಮ್ಯಾಲ ಅದಾವಲ್ರಿ!" ಎಂದಳು. ಒಳಗಿನ ಒಂದು ಎಸಳಿನ ಅಂಚಿನಲ್ಲಿ ಪರಾಗದ ಚೀಲ ಅಂಟಿಕೊಂಡಿತ್ತು. "ಇದು ದಳವೋ, ಕೇಸರವೋ?" ಎಂದು ಕೇಳಿದಳು. ಓದಿ ಹೇಳುತ್ತೇನೆ ಎಂದೆ.

ಉತ್ತರ ದೊರೆಯುವಷ್ಟರಲ್ಲಿ ಅವಳು ಬೇರೆ ಮಾಧ್ಯಮದ ಶಾಲೆಗೆ ಹೋಗಿಬಿಟ್ಟಿದ್ದಳು. ಆ ಉತ್ತರವನ್ನು ಇಂದು ಒಪ್ಪಿಸುತ್ತಿದ್ದೇನೆ.

ಗಿಡದ ಪ್ರತಿಯೊಂದು ಜೀವಕೋಶದಲ್ಲಿಯೂ ಅವೇ ವಂಶವಾಹಿಗಳಿರುತ್ತವೆ. ಆದರೆ ಎಲ್ಲ ಕಡೆಯೂ ಎಲ್ಲವೂ ಕೆಲಸ ಮಾಡುವುದಿಲ್ಲ. ಒಂದು ವಂಶವಾಹಿ ಒಂದೆಡೆ ಕಾರ್ಯಪ್ರವೃತ್ತವಾಗುವುದನ್ನೇ ಅದರ ಅಭಿವ್ಯಕ್ತಿ ಎನ್ನುತ್ತಾರೆ. 1991ರಲ್ಲಿ ಎನ್ರಿಕೊ ಕೋಯನ್ ಮತ್ತು ಎಲಿಯಟ್ ಮೆಯೆರೊವಿಟ್ಜ್ ಎಂಬ ವಿಜ್ಞಾನಿಗಳು ಹೂವಿನ ರಚನೆಯನ್ನು 'ಎ', 'ಬಿ', 'ಸಿ' ಎಂಬ ಮೂರು ಗುಂಪುಗಳ ವಂಶವಾಹಿಗಳಿಂದ ವಿವರಿಸಿದರು. 'ಎ' ಒಂದೇ ಇದ್ದಲ್ಲಿ ಹೊರಗಿನ ಹಸಿರು ಪುಷ್ಪಪತ್ರ; 'ಎ', 'ಬಿ' ಕೂಡಿದಲ್ಲಿ ದಳ; 'ಬಿ', 'ಸಿ' ಕೂಡಿದಲ್ಲಿ ಕೇಸರ; 'ಸಿ' ಒಂದೇ ಇದ್ದಲ್ಲಿ ನಡುವಿನ ಶಲಾಕೆ.

ಕಾಡುಗುಲಾಬಿಗೆ ಐದೇ ದಳ, ಕೇಸರಗಳು ಬಹಳ. ತೋಟದ ಗುಲಾಬಿಯಲ್ಲಿ 'ಸಿ' ಗುಂಪಿನ ವಂಶವಾಹಿಯ ಅಭಿವ್ಯಕ್ತಿ ಹೂವಿನ ನಡುಭಾಗಕ್ಕೆ ಸರಿದಿದೆ ಎಂಬುದನ್ನು 2010ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿತು. ಅದು ತೆರವು ಮಾಡಿದ ಜಾಗದಲ್ಲಿ ಕೇಸರವಾಗಬೇಕಾದದ್ದು ದಳವಾಗುತ್ತದೆ. ಎಲ್ಲೆ ಅಸ್ಪಷ್ಟವಾದಲ್ಲಿ ಅರ್ಧ ದಳ, ಅರ್ಧ ಕೇಸರ. ಮಗು ಕಂಡದ್ದು ಅದನ್ನೇ. ಅವಳ ಎಣಿಕೆಯೂ ಸರಿ, ಸಂಶಯವೂ ಸರಿ.

ಇದನ್ನೆಲ್ಲ ಹೇಳಲು ನನಗೆ ಕನ್ನಡದ ಪದಗಳು ಸಾಲದಾಗಲಿಲ್ಲ. ಕೊರತೆಯಾದದ್ದು ನನ್ನ ಸಿದ್ಧತೆ. ಗಡಿನಾಡಿನ ಮಗು ಕನ್ನಡದಲ್ಲಿ ಕೇಳಿದ ಪ್ರಶ್ನೆಗೆ ಕನ್ನಡದಲ್ಲಿಯೇ, ತಡಮಾಡದೆ ಉತ್ತರ ಸಿಗುವಂತಾಗಲಿ. ಎರಡನೆಯ ಶತಮಾನಕ್ಕೆ ಕಾಲಿಡುವ ನಮ್ಮೆಲ್ಲ ಶಿಕ್ಷಕರ ಹೊಣೆ ಇದು.