ಬೆರಳು ಹೋದವನ ಗಿಟಾರು
(ಕಾರ್ಮಿಕ ಮಿತ್ರರ ಸಂಜೆಯ ಕೂಟದಲ್ಲಿ ಮಾಡಿದ ಭಾಷಣ)



ರಾಕ್ ಸಂಗೀತದ ವಿಷಯ ಮಾತನಾಡುತ್ತೇನೆಂದಾಗ ಹಿರಿಯರು ಕೆಲವರು ನಕ್ಕರು. “ಮೇಷ್ಟ್ರೇ, ಆ ಗದ್ದಲಕ್ಕೂ ನಮಗೂ ಏನು ಸಂಬಂಧ?” ಎಂದರು. ಗದ್ದಲವೇನೋ ನಿಜ. ಆದರೆ ಅದರ ಬೇರು ಇರುವುದು ಒಂದು ತಗಡಿನ ಕಾರ್ಖಾನೆಯಲ್ಲಿ.

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಲೋಹದ ಕೆಲಸಕ್ಕೂ ಮೋಟಾರು ಕಾರ್ಖಾನೆಗಳಿಗೂ ಹೆಸರಾದ ಊರು. ಅಲ್ಲಿಯ ಆಸ್ಟನ್ ಎಂಬ ಕಾರ್ಮಿಕರ ಬಡಾವಣೆಯ ನಾಲ್ವರು ಹುಡುಗರು ಕಟ್ಟಿದ ತಂಡ ಬ್ಲ್ಯಾಕ್ ಸಬಾತ್. ಹಾಡುವ ಆಜಿ ಆಸ್ಬರ್ನ್ ಕಸಾಯಿಖಾನೆಯಲ್ಲಿ ದುಡಿದವನು. ಗಿಟಾರು ನುಡಿಸುವ ಟೋನಿ ಅಯೋಮಿ ತಗಡಿನ ಕಾರ್ಖಾನೆಯಲ್ಲಿ ಬೆಸುಗೆಯ ಕೆಲಸದವನು.

1965ರಲ್ಲಿ ಅಯೋಮಿಗೆ ಹದಿನೇಳು ವರ್ಷ. ಸಂಗೀತವನ್ನೇ ನೆಚ್ಚಿ ಕೆಲಸ ಬಿಟ್ಟಿದ್ದ. ಅಂದು ಕಡೆಯ ದಿನ. ಮಧ್ಯಾಹ್ನ ಊಟಕ್ಕೆ ಬಂದವನು ಮತ್ತೆ ಹೋಗಲೊಲ್ಲೆನೆಂದ. ಹಿಡಿದ ಕೆಲಸ ಮುಗಿಸಿ ಬಾ ಎಂದು ತಾಯಿ ಕಳಿಸಿದಳು. ತಗಡು ಯಂತ್ರದ ಆಳು ಅಂದು ಬಂದಿರಲಿಲ್ಲ. ರೂಢಿಯಿಲ್ಲದ ಹುಡುಗನನ್ನು ಬದಲಿಗೆ ನಿಲ್ಲಿಸಿದರು. ಬದಲಿ ಕೆಲಸವೆಂದರೇನೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಬಲಗೈಯ ನಡುಬೆರಳು, ಉಂಗುರಬೆರಳುಗಳ ತುದಿ ಯಂತ್ರದ ಪಾಲಾದವು. ಅವನು ಎಡಚ, ತಂತಿ ಒತ್ತುವ ಕೈ ಅದೇ.

ಇನ್ನು ಗಿಟಾರು ಮುಗಿಯಿತೆಂದು ಕುಳಿತವನಿಗೆ ಕಾರ್ಖಾನೆಯ ಮೇಸ್ತ್ರಿ ಒಂದು ಗ್ರಾಮಫೋನ್ ತಟ್ಟೆ ಕೇಳಿಸಿದ. ನುಡಿಸಿದವನು ಜಾಂಗೊ ರೈನ್‌ಹಾರ್ಟ್. ಬೆಂಕಿಯಲ್ಲಿ ಕೈ ಸುಟ್ಟು, ಮುಖ್ಯವಾಗಿ ಎರಡೇ ಬೆರಳಿನಿಂದ ಸ್ವರ ಹಿಡಿಯುತ್ತಿದ್ದವನು. ಹುಡುಗ ಎದ್ದು ಕುಳಿತ. ಅಂಗಡಿಯ ಗೆಳೆಯರೇ, ನೀವು ಮಾರುವಂಥದೇ ಪಾತ್ರೆ ತೊಳೆಯುವ ಸೋಪಿನ ಪ್ಲಾಸ್ಟಿಕ್ ಸೀಸೆ! ಅದನ್ನು ಕರಗಿಸಿ, ತೀಡಿ, ಬೆರಳಿಗೆ ಟೊಪ್ಪಿಗೆ ಮಾಡಿಕೊಂಡ. ಜಾರದಂತೆ ಹಳೆಯ ಚರ್ಮದ ಅಂಗಿಯ ತುಂಡು ಅಂಟಿಸಿದ. ದಪ್ಪ ತಂತಿ ತೆಗೆದು ತೆಳುವಾದದ್ದನ್ನು ಹಾಕಿದ.

1970ರಲ್ಲಿ ಎರಡು ಆಲ್ಬಮ್ ಬಂದವು. 1971ರಲ್ಲಿ ಮೂರನೆಯದು, ‘ಮಾಸ್ಟರ್ ಆಫ್ ರಿಯಾಲಿಟಿ’. ಅದರ ಕೆಲವು ಹಾಡುಗಳಿಗೆ ಅಯೋಮಿ ಶ್ರುತಿಯನ್ನು ಮೂರು ಸ್ವರಸ್ಥಾನ ಇಳಿಸಿದ. ತಂಬೂರಿಯ ಬಿರಡೆ ಸಡಿಲಿಸಿದರೆ ತಂತಿ ಮೆದುವಾಗುತ್ತದಲ್ಲವೇ, ಹಾಗೆಯೇ. ನೊಂದ ಬೆರಳಿಗೆ ಒತ್ತುವುದು ಹಗುರ. ಬಾಸ್ ನುಡಿಸುವ ಗೀಜರ್ ಬಟ್ಲರನೂ ಜೊತೆಗೆ ಇಳಿಸಿದ. ಬೆರಳಿಗೆ ಹಗುರವಾದದ್ದು ಕಿವಿಗೆ ಭಾರವಾಯಿತು. ರಾಕ್ ಸಂಗೀತದಲ್ಲಿ ಅಷ್ಟು ತಗ್ಗಿನ, ಗಡುಸಾದ ನಾದ ಹೊಸದು. ಅದರ ಮೇಲೆ ಅಣುಬಾಂಬಿನ ಭಯದ ಮಾತುಗಳನ್ನು ಹಾಡಿದರು. ವಿಮರ್ಶಕರು ಹಲವರು ಮೂಗು ಮುರಿದರು. ಜನ ಕೊಂಡರು, ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ ಅದು 5ನೆಯ, ಅಮೆರಿಕದಲ್ಲಿ 8ನೆಯ ಸ್ಥಾನಕ್ಕೇರಿತು.

ಬೆರಳು ಹೋದದ್ದರಿಂದಲೇ ಈ ಸಂಗೀತ ಬಂತು, ಒಳ್ಳೆಯದೇ ಆಯಿತು ಎನ್ನುವವರಿದ್ದಾರೆ. ಈ ಮಾತು ನನಗೆ ಸೇರದು. ಯಂತ್ರ ಕೊಟ್ಟದ್ದು ಗಾಯ ಮಾತ್ರ. ಸೀಸೆ ಕರಗಿಸಿದ್ದು, ಬಿರಡೆ ತಿರುಗಿಸಿದ್ದು ಅವನ ಕಸುಬಿನ ಬುದ್ಧಿ. ಅಂಥದೇ ಯಂತ್ರಕ್ಕೆ ಬೆರಳು ಕೊಟ್ಟು, ನುಡಿಸಲು ಗಿಟಾರೂ ಇಲ್ಲದೆ ಮನೆಗೆ ಹೋದವರನ್ನು ಯಾವ ತಟ್ಟೆಯ ಮೇಲೆ ಹುಡುಕೋಣ?

2025ರ ಜುಲೈ 5ರಂದು ಆಸ್ಟನ್ನಿನ ಕಾಲ್ಚೆಂಡಿನ ಮೈದಾನದಲ್ಲಿ ಆ ನಾಲ್ವರೂ ಕೊನೆಯ ಸಲ ಕೂಡಿ ನುಡಿಸಿದರು. ಆಜಿ ಕುಳಿತೇ ಹಾಡಿದ; ಹದಿನೇಳು ದಿನಗಳ ಬಳಿಕ ತೀರಿಕೊಂಡ. 77ರ ಅಯೋಮಿ ನಿಂತು ನುಡಿಸಿದ.

ಈಗ ಆ ಮೂರನೆಯ ಆಲ್ಬಮ್ಮಿನ ಕಡೆಯ ಹಾಡನ್ನು ಹಾಕುತ್ತೇವೆ. ಹಿರಿಯರು ಎರಡು ನಿಮಿಷ ಕಿವಿ ಮುಚ್ಚದೆ ಕೇಳಬೇಕು. ಬೈಯುವುದಿದ್ದರೆ ಆಮೇಲೆ ಬೈಯಿರಿ, ನಾನು ಇಲ್ಲೇ ಇರುತ್ತೇನೆ.