ಒಂದೆಲಗ: ಎಲೆ ಒಂದು, ಹೆಸರು ಹಲವು
(ಜಾತ್ರೋತ್ಸವದ ಸಭಾ ಕಾರ್ಯಕ್ರಮದಲ್ಲಿ ಮಾಡಿದ ಭಾಷಣ)



ಕೆರೆಯ ಬದಿ, ತೋಟದ ತೋಡು, ಬಾವಿಕಟ್ಟೆಯ ಹತ್ತಿರ ನೆಲಕ್ಕೆ ಅಂಟಿಕೊಂಡು ಹಬ್ಬುವ ಸಣ್ಣ ಬಳ್ಳಿಯೊಂದನ್ನು ಕಾಸರಗೋಡಿನಲ್ಲಿ ಕಾಣದವರು ಇರಲಾರರು. ಒಂದು ತೊಟ್ಟಿಗೆ ಒಂದೇ ಎಲೆ. ಆದುದರಿಂದಲೇ ಕನ್ನಡದಲ್ಲಿ ಒಂದೆಲಗ. ತುಳುವಿನಲ್ಲಿ ತಿಮರೆ, ಮಲಯಾಳದಲ್ಲಿ ಕುಡಂಗಲ್, ಸಂಸ್ಕೃತದಲ್ಲಿ ಮಂಡೂಕಪರ್ಣಿ.

ಚರಕ ಸಂಹಿತೆಯು ಹೇಳುವ ನಾಲ್ಕು ಮೇಧ್ಯ ರಸಾಯನಗಳಲ್ಲಿ ಇದೂ ಒಂದು. ಜ್ಯೇಷ್ಠಮಧು, ಅಮೃತಬಳ್ಳಿ, ಶಂಖಪುಷ್ಪಿ ಉಳಿದ ಮೂರು. ಆದರೆ ನಮ್ಮ ತಾಯಂದಿರಿಗೆ ಅದನ್ನು ಗ್ರಂಥ ಕಲಿಸಿದ್ದಲ್ಲ, ಅಡಿಗೆಮನೆ ಕಲಿಸಿದ್ದು. ಒಂದು ಮುಷ್ಟಿ ಎಲೆ, ಸ್ವಲ್ಪ ಕಾಯಿತುರಿ, ತುಪ್ಪದಲ್ಲಿ ಹುರಿದ ಜೀರಿಗೆ, ನಾಲ್ಕು ಕಾಳುಮೆಣಸು ಅರೆದು ಮಜ್ಜಿಗೆಗೆ ಕೂಡಿಸಿ ಉಪ್ಪು ಹಾಕಿದರೆ ತಂಬುಳಿ. ಬೇಸಿಗೆಯ ಉಷ್ಣಕ್ಕೆ, ಬಾಯಿಹುಣ್ಣಿಗೆ ಮನೆಮನೆಯಲ್ಲೂ ಮಾಡುವ ತಂಪು ಇದೇ. ಇದರಲ್ಲಿರುವ ಏಷಿಯಾಟಿಕೋಸೈಡ್ ಎಂಬ ಅಂಶ ಗಾಯ ಮಾಯಲು ಸಹಕಾರಿ ಎಂದು ಇಂದಿನ ವಿಜ್ಞಾನವೂ ಗುರುತಿಸಿದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಕನ್ನಡಿಗರಲ್ಲಿ ಹಲವರು ಒಂದೆಲಗವನ್ನೇ ಬ್ರಾಹ್ಮಿ ಎನ್ನುತ್ತಾರೆ. ಮಲಯಾಳದಲ್ಲಿ ಬ್ರಹ್ಮಿ ಎಂದರೆ ನೀರುಬ್ರಾಹ್ಮಿ. ಅದರ ಎಲೆ ಸಣ್ಣದು, ದಪ್ಪ, ಕಹಿ. ಒಂದೊಂದು ಗೆಣ್ಣಿನಲ್ಲಿ ಎದುರುಬದುರಾಗಿ ಎರಡೆರಡು. ಅದೂ ಒಳ್ಳೆಯ ಔಷಧವೇ, ಆದರೆ ಗಿಡ ಬೇರೆ. ಗಡಿನಾಡಿನಲ್ಲಿ ಅಜ್ಜಿ ಹೇಳಿದ ಹೆಸರು ಒಂದು, ಅಂಗಡಿಯಲ್ಲಿ ಕಟ್ಟಿಕೊಡುವ ಪೊಟ್ಟಣ ಇನ್ನೊಂದು ಆಗಬಾರದು. ಹೆಸರು ಮಾತ್ರ ಹೇಳಿ ತರುವುದಕ್ಕಿಂತ ಎಲೆ ತೋರಿಸಿ ಕೇಳುವುದು ಕ್ಷೇಮ.

ಇನ್ನೊಂದು ಮಾತು. ಮಳೆಗಾಲದಲ್ಲಿ ಕೊಳೆರೋಗಕ್ಕೆಂದು ಅಡಿಕೆಮರಕ್ಕೆ ಬಿಡುವ ಮೈಲುತುತ್ತಿನ ಮದ್ದು ಬುಡದ ಒಂದೆಲಗದ ಮೇಲೂ ಬೀಳುತ್ತದೆ. ಅಂಥ ಜಾಗದ್ದು, ಚರಂಡಿ ಬದಿಯದ್ದು ಬೇಡ. ಬಾವಿಕಟ್ಟೆಯ ಪಕ್ಕ ಒಂದು ಚಟ್ಟಿಯಲ್ಲಿ ನೆಟ್ಟು ನೀರು ಹಾಕಿದರೆ ಮನೆಗೆ ಸಾಕಾಗುವಷ್ಟು ಹಬ್ಬುತ್ತದೆ.

ತಂಬುಳಿ ಊಟದ ಮಾತು; ಔಷಧವೆಂದು ದಿನಾಲೂ ರಸ ಕುಡಿಯುವುದು ಬೇರೆ. ಹೆಚ್ಚು ಕಾಲ ಸೇವಿಸಿದವರಲ್ಲಿ ಯಕೃತ್ತಿಗೆ ತೊಂದರೆಯಾದದ್ದೂ ವರದಿಯಾಗಿದೆ. ಗರ್ಭಿಣಿಯರು, ಬೇರೆ ಮದ್ದು ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿಯೇ ಸೇವಿಸಬೇಕು. ಮಕ್ಕಳ ಅಪಸ್ಮಾರದಂಥ ಕಾಯಿಲೆಗೆ ಇದನ್ನೇ ನಂಬಿ ವೈದ್ಯರ ಮಾತ್ರೆ ನಿಲ್ಲಿಸುವುದು ದೊಡ್ಡ ಅಪಾಯ.

ಹಿರಿಯರು ಬಿಟ್ಟುಹೋದ ಆಸ್ತಿಯಲ್ಲಿ ಈ ಎಲೆಯೂ ಸೇರಿದೆ. ಈ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಿ ಗಿಡ ತೋರಿಸಿ, ಮೂರು ಭಾಷೆಯ ಹೆಸರನ್ನೂ ಹೇಳಿಕೊಡಿ. ಶ್ರೀ ದೇವರು ಸರ್ವರಿಗೂ ಆಯುರಾರೋಗ್ಯವನ್ನು ಕರುಣಿಸಲಿ.